ಒಮ್ಮೆ ಸಿಸೇರಿಯನ್ ಆದವರಿಗೆ ಮತ್ತೆ ಸಹಜ ಹೆರಿಗೆ ಸಾಧ್ಯವಿಲ್ಲವೇ?

ಮೊದಲ ಹೆರಿಗೆ ಸಿಸೇರಿಯನ್ ಆದರೆ ಎರಡನೆಯದೂ ಸಿಸೇರಿಯನ್ನೇ ಎಂಬ ಮಾತನ್ನು ನಮ್ಮ ಕರಾವಳಿಯ ಮನೆಗಳಲ್ಲಿ ಈಗ ಯಾರೂ ಪ್ರಶ್ನಿಸುವುದಿಲ್ಲ. ಗರ್ಭಿಣಿಗೆ ಐದಾರು ತಿಂಗಳಾಗುವ ಹೊತ್ತಿಗೇ ಆಪರೇಷನ್ನಿನ ದಿನ ಅಂದಾಜಾಗಿರುತ್ತದೆ. ಗಲ್ಫ್‌ನಲ್ಲಿರುವ ಗಂಡ ಆ ದಿನಕ್ಕೆ ಸರಿಹೊಂದುವಂತೆ ರಜೆ ಕೇಳಿರುತ್ತಾನೆ. ಮಗು ಹುಟ್ಟುವ ಮೊದಲೇ ಜ್ಞಾನಸ್ನಾನಕ್ಕೆ ಯಾವ ಭಾನುವಾರ ಸಿಗುತ್ತದೆಂದು ಧರ್ಮಕೇಂದ್ರದ ಕಚೇರಿಯಲ್ಲಿ ವಿಚಾರಿಸುವವರೂ ಇದ್ದಾರೆ. ಜ್ಯೋತಿಷಿಯ ಬಳಿ ಮುಹೂರ್ತ ಕೇಳಿ ಹೆರಿಗೆ ಮಾಡಿಸುವವರನ್ನು ಕಂಡು ನಗುವವರು, ವಿಮಾನದ ಟಿಕೆಟು ನೋಡಿ ಹೆರಿಗೆ ಮಾಡಿಸುವುದನ್ನು ಏನೆಂದು ಕರೆಯುತ್ತಾರೋ ತಿಳಿಯದು.

ಇದು ಕೇವಲ ಮನೆಮಾತಿನ ಸಂಗತಿಯಾಗಿ ಉಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ನೋಡಿದರೆ, 2005-06ರಲ್ಲಿ ದೇಶದ ಒಟ್ಟು ಹೆರಿಗೆಗಳಲ್ಲಿ ಸಿಸೇರಿಯನ್ ಆದದ್ದು ಶೇ. 8.5. ಹತ್ತು ವರ್ಷಗಳ ಬಳಿಕ, 2015-16ರಲ್ಲಿ, ಅದು ಶೇ. 17.2ಕ್ಕೆ ಏರಿತು. 2019-21ರ ಸಮೀಕ್ಷೆಯಲ್ಲಿ ಶೇ. 21.5. ನಮ್ಮ ಕರ್ನಾಟಕವು ದೇಶದ ಸರಾಸರಿಗಿಂತ ಮುಂದಿದೆ: 2015-16ರಲ್ಲಿ ಶೇ. 23.6 ಇದ್ದದ್ದು 2019-21ರಲ್ಲಿ ಶೇ. 31.5 ಆಯಿತು. ನೆರೆಯ ತೆಲಂಗಾಣದಲ್ಲಿ ಅದೇ ಸಮೀಕ್ಷೆ ಕಂಡದ್ದು ಶೇ. 60.7. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 14 ಸಿಸೇರಿಯನ್ ಆದರೆ ಖಾಸಗಿ ಆಸ್ಪತ್ರೆಗಳಲ್ಲಿ 47 ಆಗುತ್ತವೆ. ಒಂದೇ ದೇಶದ ತಾಯಂದಿರ ಶರೀರ ರಚನೆಯು ಆಸ್ಪತ್ರೆಯ ಬಾಗಿಲು ಬದಲಾದ ಮಾತ್ರಕ್ಕೆ ಇಷ್ಟೊಂದು ಬದಲಾಗಲು ಸಾಧ್ಯವಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಬೇಕಾದವರಿಗೂ ಸಿಸೇರಿಯನ್ ಸಿಗದಿರುವುದು ಈ ಅಂತರಕ್ಕೆ ಒಂದು ಕಾರಣ ಎಂಬುದು ನಿಜ. ಆದರೆ ಪೂರ್ತಿ ಅಂತರವನ್ನು ಅದೊಂದೇ ವಿವರಿಸಲಾರದು.

ವಿಶ್ವ ಆರೋಗ್ಯ ಸಂಸ್ಥೆಯು 1985ರಲ್ಲಿ ಬ್ರೆಜಿಲ್‌ನ ಫೋರ್ತಲೇಜಾದಲ್ಲಿ ನಡೆದ ಸಭೆಯ ಬಳಿಕ, ಯಾವ ಪ್ರದೇಶದಲ್ಲೂ ಶೇ. 10ರಿಂದ 15ಕ್ಕಿಂತ ಹೆಚ್ಚು ಸಿಸೇರಿಯನ್‌ಗೆ ಸಮರ್ಥನೆ ಇಲ್ಲವೆಂದು ಹೇಳಿತ್ತು. 2015ರಲ್ಲಿ ಅದೇ ಸಂಸ್ಥೆ ಮಾತನ್ನು ಇನ್ನಷ್ಟು ತೂಗಿ ಹೇಳಿತು: ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10ರವರೆಗೆ ಏರುವಾಗ ತಾಯಿ ಮತ್ತು ಶಿಶುವಿನ ಸಾವು ಇಳಿಯುತ್ತದೆ. ಅದರಾಚೆ ಏರಿದರೆ ಸಾವು ಇನ್ನೂ ಇಳಿದದ್ದಕ್ಕೆ ಸಾಕ್ಷಿ ಕಾಣುವುದಿಲ್ಲ. ಹಾಗೆಂದು ಒಂದು ಸಂಖ್ಯೆಯನ್ನು ಹಿಡಿದು ಓಡಬೇಡಿ, ಅಗತ್ಯವಿರುವ ಪ್ರತಿಯೊಬ್ಬ ತಾಯಿಗೂ ಸಿಸೇರಿಯನ್ ಸಿಗುವಂತೆ ನೋಡಿಕೊಳ್ಳಿ ಎಂದೂ ಅದು ಸೇರಿಸಿತು. ಈ ಎರಡನೆಯ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದು ಬೇಕಾಗುತ್ತದೆ.

ಸಿಸೇರಿಯನ್ ಎಂದರೆ ಹೊಟ್ಟೆಯ ಏಳು ಪದರಗಳನ್ನು ಕೊಯ್ದು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ಎಂಬುದು ಅದು ಮನೆಮಾತಾದಷ್ಟೂ ಮರೆತುಹೋಗುತ್ತಿದೆ. 2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸ್ವಸ್ಥರಾಗಿ ಐವರು ತೀರಿಕೊಂಡರು. ಅವರಿಗೆ ನೀಡಿದ್ದ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಬಂದು, ರಾಜ್ಯ ಸರಕಾರವು ಅದರ ಬಳಕೆಯನ್ನು ನಿಲ್ಲಿಸಿ, ತಾಯಂದಿರ ಸಾವುಗಳ ತಪಾಸಣೆಗೆ ಆದೇಶಿಸಿತು. ಆ ತಾಯಂದಿರಿಗೆ ಸಿಸೇರಿಯನ್ ಬೇಕಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆ ಎಂದ ಮೇಲೆ ಅರಿವಳಿಕೆ, ರಕ್ತ, ದ್ರಾವಣ, ಹೊಲಿಗೆ, ನಂಜು ಇವೆಲ್ಲ ಸಾಲಾಗಿ ಬರುತ್ತವೆ, ಆ ಸಾಲಿನ ಒಂದು ಕೊಂಡಿ ಕಳಚಿದರೂ ಹಸುಗೂಸು ತಬ್ಬಲಿಯಾಗುತ್ತದೆ ಎಂಬುದಷ್ಟೇ ನಮ್ಮ ಮಾತು.

ಆ ಹಳೆಯ ಸೂತ್ರ ಎಲ್ಲಿಂದ ಬಂತು?

ಒಮ್ಮೆ ಸಿಸೇರಿಯನ್ ಆದರೆ ಸದಾ ಸಿಸೇರಿಯನ್ ಎಂಬ ಸೂತ್ರ 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ಪ್ರಸೂತಿ ತಜ್ಞರದು. ಆಗ ಗರ್ಭಕೋಶವನ್ನು ಮೇಲ್ಭಾಗದಲ್ಲಿ ಉದ್ದುದ್ದಕ್ಕೆ ಸೀಳುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಬಿಗಿಯುವ ಭಾಗವೇ ಅದು. ಮುಂದಿನ ಹೆರಿಗೆಯಲ್ಲಿ ಆ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ನಿಜವಾಗಿಯೂ ದೊಡ್ಡದಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಕ್ರೇಗಿನ್ ಆ ಮಾತನ್ನು ಹೇಳಿದ್ದು ಎರಡನೆಯ ಸಿಸೇರಿಯನ್ ಮಾಡಿ ಎನ್ನುವುದಕ್ಕಲ್ಲ, ಮೊದಲನೆಯದನ್ನು ಯೋಚಿಸಿ ಮಾಡಿ ಎಂದು ಸಹೋದ್ಯೋಗಿಗಳನ್ನು ಎಚ್ಚರಿಸುವುದಕ್ಕೆ. ನೂರು ವರ್ಷಗಳಲ್ಲಿ ಎಚ್ಚರಿಕೆ ಮರೆತುಹೋಗಿ ಸೂತ್ರ ಮಾತ್ರ ಉಳಿದುಕೊಂಡಿತು.

1920ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮನ್ರೋ ಕೆರ್ ಮುಂತಾದವರು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುವ ವಿಧಾನವನ್ನು ಬಳಕೆಗೆ ತಂದರು. ಇಂದು ಬಹುತೇಕ ಎಲ್ಲ ಸಿಸೇರಿಯನ್‌ಗಳೂ ಹೀಗೆಯೇ ಆಗುತ್ತವೆ. ಈ ಕೆಳಭಾಗದ ಹೊಲಿಗೆ ಎಷ್ಟೋ ಗಟ್ಟಿ. ಇಂತಹ ಒಂದು ಸಿಸೇರಿಯನ್ ಆಗಿರುವ, ಬೇರೆ ತೊಂದರೆಗಳಿಲ್ಲದ ತಾಯಂದಿರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಮಂದಿಗೆ ಅದು ಕೈಗೂಡುತ್ತದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವು ಹೇಳುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜು ನೂರರಲ್ಲಿ 72ರಿಂದ 75 ಎನ್ನುತ್ತದೆ. ಹಿಂದೆ ಒಮ್ಮೆಯಾದರೂ ಸಹಜ ಹೆರಿಗೆ ಆಗಿದ್ದವರಲ್ಲಿ ಇದು 85ರಿಂದ 90. ಹೊಲಿಗೆ ಬಿಚ್ಚಿಕೊಳ್ಳುವ ಅಪಾಯವು ನೋವು ತಾನಾಗಿ ಬಂದ ಹೆರಿಗೆಗಳಲ್ಲಿ ಸುಮಾರು 200ಕ್ಕೆ ಒಂದು.

ಇನ್ನೂರಕ್ಕೆ ಒಂದು ಎಂಬುದು ಚಿಕ್ಕ ಸಂಖ್ಯೆ. ಆದರೆ ಆ ಒಂದು ಸಂಭವಿಸಿದಾಗ ಅದು ಚಿಕ್ಕದಲ್ಲ. ಮಗುವಿನ ಎದೆಬಡಿತ ಹಠಾತ್ತನೆ ಕುಸಿಯುತ್ತದೆ, ಒಳಗೆ ರಕ್ತಸ್ರಾವವಾಗುತ್ತದೆ, ನಿಮಿಷಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಆದುದರಿಂದಲೇ ಇಂತಹ ಹೆರಿಗೆಯು ಮನೆಯಲ್ಲಾಗಲಿ, ಹಗಲಿಗೆ ಮಾತ್ರ ಅರಿವಳಿಕೆ ವೈದ್ಯರು ಬಂದುಹೋಗುವ ಚಿಕ್ಕ ನರ್ಸಿಂಗ್ ಹೋಮಿನಲ್ಲಾಗಲಿ ಆಗತಕ್ಕದ್ದಲ್ಲ. ಇಪ್ಪತ್ತನಾಲ್ಕು ಗಂಟೆಯೂ ಆಪರೇಷನ್ ಕೋಣೆ, ಅರಿವಳಿಕೆ ತಜ್ಞರು, ರಕ್ತನಿಧಿ, ಮಗುವಿನ ಎದೆಬಡಿತವನ್ನು ಎಡೆಬಿಡದೆ ನೋಡುವ ಸಾಧನ, ಅದನ್ನು ಓದಬಲ್ಲ ನರ್ಸ್ ಇವೆಲ್ಲ ಇರಬೇಕು. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದವರಿಗೆ, ಹಿಂದೆ ಗರ್ಭಕೋಶ ಹರಿದವರಿಗೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತವರಿಗೆ ಇದು ಸಲ್ಲದು. ಹಿಂದಿನ ಹೆರಿಗೆಗೂ ಇದಕ್ಕೂ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಅಪಾಯ ಹೆಚ್ಚು. ಔಷಧಿ ಕೊಟ್ಟು ನೋವು ಬರಿಸಿದರೆ ಹೊಲಿಗೆ ಬಿಚ್ಚುವ ಸಂಭವ ಎರಡು ಮೂರು ಪಟ್ಟಾಗುತ್ತದೆ. ಪ್ರಯತ್ನ ಫಲಿಸದೆ ಅರ್ಧದಲ್ಲಿ ಸಿಸೇರಿಯನ್ ಮಾಡಬೇಕಾಗಿ ಬಂದರೆ, ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್‌ಗಿಂತ ನಂಜು ಮತ್ತು ರಕ್ತಸ್ರಾವದ ತೊಂದರೆ ಜಾಸ್ತಿ. ಇದನ್ನು ಮುಚ್ಚಿಟ್ಟು ಸಹಜ ಹೆರಿಗೆಯನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ಯಾರೂ ತೋರಿಸುವುದಿಲ್ಲ. ಪ್ರತಿ ಸಿಸೇರಿಯನ್ ಕೂಡ ಮುಂದಿನ ಬಸಿರನ್ನು ಸ್ವಲ್ಪ ಹೆಚ್ಚು ಅಪಾಯಕ್ಕೆ ಒಡ್ಡುತ್ತದೆ. ಹಳೆಯ ಗಾಯದ ಮೇಲೆ ಮಾಸು ಅಂಟಿಕೊಂಡು ಬೇರೂರಿದರೆ ಹೆರಿಗೆಯಾದ ಮೇಲೆ ಅದು ಬಿಡುವುದಿಲ್ಲ. ರಕ್ತ ನಿಲ್ಲಿಸಲು ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಅಮೆರಿಕದಲ್ಲಿ ಸುಮಾರು 30 ಸಾವಿರ ತಾಯಂದಿರನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಮಾಸು ಅಡ್ಡ ಕುಳಿತ ಬಸಿರಿನಲ್ಲಿ ಹೀಗೆ ಬೇರೂರುವ ಸಂಭವ ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ಶೇ. 11, ಎರಡು ಆದವರಲ್ಲಿ ಶೇ. 40. ಎರಡೇ ಮಕ್ಕಳು ಸಾಕು ಎನ್ನುವವರಿಗೆ ಇದು ದೂರದ ಮಾತಾಗಿ ಕಾಣಬಹುದು. ಮೂರನೆಯ, ನಾಲ್ಕನೆಯ ಮಗುವನ್ನು ದೇವರ ಕೊಡುಗೆಯೆಂದು ಸ್ವಾಗತಿಸಲು ಸಿದ್ಧರಿರುವ ಕುಟುಂಬಗಳಿಗೆ ದೂರದ್ದಲ್ಲ.

ಕಥೋಲಿಕ ಕುಟುಂಬಕ್ಕೆ ಇಲ್ಲಿ ಏನು ಪಣ?

ಧರ್ಮಸಭೆಯ ವಾರ್ತಾತಾಣಕ್ಕೆ ಹೆರಿಗೆ ಕೋಣೆಯಲ್ಲಿ ಏನು ಕೆಲಸ ಎಂದು ಕೇಳುವವರಿಗೆ ನಮ್ಮ ಉತ್ತರ ಇಲ್ಲಿದೆ. ನಮ್ಮ ನಾಡಿನಲ್ಲಿ ಎರಡನೆಯ ಸಿಸೇರಿಯನ್ ಮುಗಿದ ಮೇಜಿನ ಮೇಲೆಯೇ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮುಗಿಸಿಬಿಡುವುದು ವಾಡಿಕೆಯಾಗಿದೆ. ಹೇಗೂ ಹೊಟ್ಟೆ ತೆರೆದಿದೆ, ಇನ್ನೊಂದು ಬಸಿರಾದರೆ ಜೀವಕ್ಕೆ ಅಪಾಯ ಎಂಬುದು ಅದಕ್ಕೆ ಕೊಡುವ ಕಾರಣ. ಸಹಿ ಕೇಳುವುದು ಹೆಚ್ಚಾಗಿ ಕೊನೆಯ ಗಳಿಗೆಯಲ್ಲಿ. ನಮ್ಮ ದಂಪತಿಗಳು ಆ ಹೊತ್ತಿನಲ್ಲಿ ಹೌದು ಎಂದೋ ಇಲ್ಲ ಎಂದೋ ಹೇಳಿ, ಆಮೇಲೆ ವರ್ಷಗಟ್ಟಲೆ ಅದರ ಭಾರವನ್ನು ಹೊರುತ್ತಾರೆ. ಕೆಲವರು ಪಾಪನಿವೇದನೆಯ ಪೀಠದವರೆಗೂ ಅದನ್ನು ತರುತ್ತಾರೆ, ಇನ್ನು ಕೆಲವರು ಅದೇ ಕಾರಣಕ್ಕೆ ಬರುವುದನ್ನೇ ಬಿಡುತ್ತಾರೆ.

ಈ ಪ್ರಶ್ನೆ ರೋಮಿನವರೆಗೂ ಹೋಗಿದೆ. 1993ರ ಜುಲೈ 31ರಂದು ವಿಶ್ವಾಸ ತತ್ವಗಳ ಪೀಠವು, ಅಂದು ಕಾರ್ಡಿನಲ್ ರಾಟ್ಜಿಂಗರ್ ಅದರ ಮುಖ್ಯಸ್ಥರಾಗಿದ್ದರು, ಇದಕ್ಕೆ ಉತ್ತರ ನೀಡಿತು. ಹೆರಿಗೆಯಲ್ಲೋ ಸಿಸೇರಿಯನ್‌ನಲ್ಲೋ ಗರ್ಭಕೋಶಕ್ಕೆ ತೀವ್ರ ಗಾಯವಾಗಿ ತಾಯಿಯ ಪ್ರಾಣಕ್ಕೆ ಆ ಕ್ಷಣವೇ ಅಪಾಯವಿದ್ದರೆ ಅದನ್ನು ತೆಗೆಯುವುದು ತಪ್ಪಲ್ಲ. ಆದರೆ ಹಿಂದಿನ ಸಿಸೇರಿಯನ್‌ಗಳಿಂದ ದುರ್ಬಲವಾಗಿದ್ದರೂ ಸದ್ಯ ಅಪಾಯ ಮಾಡದ ಗರ್ಭಕೋಶವನ್ನು, ಮುಂದೆ ಬಸಿರಾದರೆ ತೊಂದರೆಯಾದೀತು ಎಂಬ ಕಾರಣಕ್ಕೆ ತೆಗೆಯುವುದು ಅಥವಾ ನಾಳಗಳನ್ನು ಕಟ್ಟುವುದು ನೇರ ಸಂತಾನಹರಣವೇ ಆಗುತ್ತದೆ ಎಂಬುದು ಅದರ ತೀರ್ಪು. ಗರ್ಭಕೋಶವು ಇನ್ನು ಮಗುವನ್ನು ಬದುಕುವ ಹಂತದವರೆಗೆ ಹೊರಲಾರದೆಂದು ತಜ್ಞರಿಗೆ ಖಚಿತವಾದ ಪ್ರಸಂಗವನ್ನು 2018ರ ಡಿಸೆಂಬರಿನಲ್ಲಿ ಅದೇ ಪೀಠ ಬೇರೆಯಾಗಿ ಪರಿಗಣಿಸಿದೆ.

ಈ ಬೋಧನೆಯನ್ನು ವಿವಾಹ ಪೂರ್ವ ಶಿಬಿರಗಳಲ್ಲಿ ಒಪ್ಪಿಸುವುದು ಸುಲಭ. ಆದರೆ ಅಗತ್ಯವಿಲ್ಲದ ಮೊದಲ ಸಿಸೇರಿಯನ್ ಆಗುವುದನ್ನು ಸುಮ್ಮನೆ ನೋಡಿ, ಎರಡನೆಯದಕ್ಕೆ ಪರ್ಯಾಯವೇ ಇಲ್ಲದಂತೆ ಮಾಡಿ, ಮೂರನೆಯ ಹೊತ್ತಿಗೆ ನೀತಿಬೋಧೆಯ ಭಾರವನ್ನೆಲ್ಲ ಆ ಹೆಣ್ಣುಮಗಳ ತಲೆಯ ಮೇಲೆ ಇಡುವುದು ಯಾವ ನ್ಯಾಯ? ಇಕ್ಕಟ್ಟು ಹುಟ್ಟುವುದು ಮೊದಲ ಹೆರಿಗೆಯಲ್ಲಿ. ಪರಿಹಾರವನ್ನೂ ಅಲ್ಲಿಂದಲೇ ಹುಡುಕಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಹಾಕುವುದು ಅವಶ್ಯ. ನೋವು ಅನುಭವಿಸಿ ಹೆತ್ತವಳೇ ನಿಜವಾದ ತಾಯಿ, ಆದಿಕಾಂಡದಲ್ಲಿ ಹವ್ವಳಿಗೆ ಹೇಳಿದ್ದು ಎಲ್ಲ ಹೆಂಗಸರಿಗೂ ವಿಧಿ ಎಂಬ ಮಾತುಗಳು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಕೇಳಿಬರುತ್ತವೆ. ಪೋಪ್ 12ನೇ ಪಯಸ್ ಅವರು 1956ರ ಜನವರಿ 8ರಂದು ವೈದ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ, ಹೆರಿಗೆಯ ನೋವನ್ನು ಕಡಿಮೆ ಮಾಡುವುದನ್ನು ಶ್ರೀಗ್ರಂಥವು ನಿಷೇಧಿಸುವುದಿಲ್ಲವೆಂದು ಸ್ಪಷ್ಟಪಡಿಸಿದರು. ತಾಯಿಗೆ ಮೊದಲೇ ತಿಳಿವಳಿಕೆ ಕೊಟ್ಟು, ಉಸಿರಾಟವನ್ನೂ ಮನಸ್ಸನ್ನೂ ಪಳಗಿಸಿ ನೋವನ್ನು ಹಗುರಗೊಳಿಸುವ ಆ ಕಾಲದ ಹೊಸ ವಿಧಾನ ಬಂದದ್ದು ಕಮ್ಯುನಿಸ್ಟ್ ರಷ್ಯಾದ ವೈದ್ಯರಿಂದ. ಹುಟ್ಟಿದ ಊರು ಯಾವುದಾದರೇನು, ವಿಜ್ಞಾನ ಸರಿಯಿದ್ದರೆ ಸ್ವೀಕರಿಸಬಹುದು ಎಂಬ ಧಾಟಿಯಲ್ಲಿ ಪೋಪರು ಮಾತನಾಡಿದ್ದರು. ಶೀತಲ ಸಮರದ ಆ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಸಿಸೇರಿಯನ್ ಮೂಲಕ ಹೆತ್ತವರು ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂಬುದಕ್ಕೆ ನಮ್ಮ ಸಂತರ ಪಟ್ಟಿಯೇ ಸಾಕ್ಷಿ. ಗರ್ಭಿಣಿಯರ ಹಾಗೂ ಸೂಲಗಿತ್ತಿಯರ ಪಾಲಕ ಸಂತ ರೇಮಂಡ್ ನೊನ್ನಾತುಸ್ ಅವರ ಹೆಸರಿನ ಅರ್ಥವೇ ಹುಟ್ಟದವನು ಎಂದು. ತೀರಿಕೊಂಡ ತಾಯಿಯ ಉದರದಿಂದ ಅವರನ್ನು ತೆಗೆದರೆಂಬುದು ಪರಂಪರೆ. 2004ರಲ್ಲಿ ಸಂತ ಪದವಿಗೇರಿದ ಇಟಲಿಯ ಜಿಯನ್ನಾ ಬೆರೆತ್ತಾ ಮೊಲ್ಲಾ ಸ್ವತಃ ವೈದ್ಯೆ. ಅವರ ನಾಲ್ಕನೆಯ ಮಗು 1962ರ ಏಪ್ರಿಲ್ 21ರಂದು ಹುಟ್ಟಿದ್ದು ಸಿಸೇರಿಯನ್ ಮೂಲಕ. ನಂಜೇರಿ ಒಂದು ವಾರದಲ್ಲಿ ತಾಯಿ ಕಣ್ಣುಮುಚ್ಚಿದರು. ಆ ಮಗಳೂ ಮುಂದೆ ವೈದ್ಯೆಯಾದರು.

ಉತ್ಸಾಹಕ್ಕೂ ಲಗಾಮು ಬೇಕು

ಸಹಜ ಹೆರಿಗೆಯನ್ನು ಪ್ರೋತ್ಸಾಹಿಸುವವರು ಎರಡು ಪಾಠಗಳನ್ನು ಕಲಿಯದೆ ಮುಂದುವರಿಯಬಾರದೆಂದು ನಮ್ಮ ಅನಿಸಿಕೆ. ಮೊದಲನೆಯದು ಕಥೋಲಿಕ ಐರ್ಲೆಂಡಿನದು. ಅಲ್ಲಿ 1940ರ ದಶಕದಿಂದ 1980ರ ದಶಕದವರೆಗೆ ಸುಮಾರು 1,500 ತಾಯಂದಿರಿಗೆ, ಸಿಸೇರಿಯನ್ ಬದಲಾಗಿ, ವಸ್ತಿಕುಹರದ ಎಲುಬಿನ ಸಂದನ್ನು ಕೊಯ್ದು ಹೆರಿಗೆ ಮಾಡಿಸಲಾಯಿತು. ಹಲವರು ಬದುಕಿಡೀ ಸರಿಯಾಗಿ ನಡೆಯಲಾರದೆ ನರಳಿದರು. ಪದೇ ಪದೇ ಸಿಸೇರಿಯನ್ ಆದರೆ ದಂಪತಿಗಳು ಗರ್ಭನಿರೋಧಕ್ಕೆ ಇಳಿಯುತ್ತಾರೆಂಬ ಭಯವನ್ನು ಆ ಕಾಲದ ಕೆಲವು ವೈದ್ಯರು ಬಹಿರಂಗವಾಗಿಯೇ ಹೇಳಿದ್ದುಂಟು. ಉದ್ದೇಶ ಎಷ್ಟರಮಟ್ಟಿಗೆ ಧಾರ್ಮಿಕವಾಗಿತ್ತು ಎಂಬ ಬಗ್ಗೆ ಇಂದಿಗೂ ವಾದವಿದೆ. ಹೆಚ್ಚಿನವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂದು ಆ ತಾಯಂದಿರು ಹೇಳಿದ್ದಾರೆ. 2014ರಲ್ಲಿ ಐರಿಷ್ ಸರಕಾರವು ಅವರಿಗಾಗಿ ಪರಿಹಾರ ಯೋಜನೆ ತಂದಿತು. ಸತ್ಯವೇ ಆದರೂ ಬೋಧನೆಯನ್ನು ಹೆಣ್ಣಿನ ದೇಹದ ಮೇಲೆ ಅವಳನ್ನು ಕೇಳದೆ ಜಾರಿಗೊಳಿಸಿದರೆ ಏನಾಗುತ್ತದೆಂಬುದು ಅಲ್ಲಿದೆ.

ಎರಡನೆಯದು ಇಂಗ್ಲೆಂಡಿನದು. ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಸರಕಾರಿ ಆಸ್ಪತ್ರೆಗಳು ಸಿಸೇರಿಯನ್ ಪ್ರಮಾಣ ಕಡಿಮೆ ಎಂದು ಹೆಸರು ಪಡೆದಿದ್ದವು. ಡೊನ್ನಾ ಒಕೆಂಡೆನ್ ನೇತೃತ್ವದ ತನಿಖೆ 2022ರ ಮಾರ್ಚಿನಲ್ಲಿ ವರದಿ ನೀಡಿದಾಗ, ಇಪ್ಪತ್ತು ವರ್ಷಗಳಲ್ಲಿ 200ಕ್ಕೂ ಹೆಚ್ಚು ಶಿಶುಗಳು ಉತ್ತಮ ಆರೈಕೆ ಸಿಕ್ಕಿದ್ದರೆ ಬದುಕಬಹುದಿತ್ತೆಂದು ತಿಳಿಯಿತು. ಸಿಸೇರಿಯನ್ ಮಾಡಲು ಹಿಂದೇಟು ಹಾಕಿದ್ದು ಕಂಡುಬಂದ ಲೋಪಗಳಲ್ಲಿ ಒಂದು. ಅದೇ ವರ್ಷ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯು ಸಿಸೇರಿಯನ್ ಪ್ರಮಾಣವನ್ನು ಗುರಿಯಾಗಿ ಇಟ್ಟುಕೊಳ್ಳುವುದನ್ನು ನಿಲ್ಲಿಸುವಂತೆ ಆಸ್ಪತ್ರೆಗಳಿಗೆ ಹೇಳಿತ್ತು. ನಮ್ಮಲ್ಲಿಯೂ ಸರಕಾರಗಳು ಸಹಜ ಹೆರಿಗೆಗೆ ಗುರಿ, ಬಹುಮಾನ ಎಂದು ಹೊರಟಾಗ ಇದು ನೆನಪಾಗಬೇಕು. ಲಸಿಕೆಗೆ ಗುರಿ ಇಡಬಹುದು. ಹೆರಿಗೆಗೆ ಗುರಿ ಇಟ್ಟರೆ ರಾತ್ರಿ ಎರಡು ಗಂಟೆಗೆ ತೀರ್ಮಾನ ತೆಗೆದುಕೊಳ್ಳಬೇಕಾದ ಕಿರಿಯ ವೈದ್ಯೆಯ ಕೈ ನಡುಗುತ್ತದೆ.

ವೈದ್ಯರ ಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ಸಹಜ ಹೆರಿಗೆಗೆ ಹನ್ನೆರಡು ಗಂಟೆ ಕಾಯಬೇಕು, ಸಿಸೇರಿಯನ್ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಬಿಲ್ಲೂ ದೊಡ್ಡದು ಎಂಬ ಆರೋಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಣವೊಂದೇ ಕಾರಣವಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದ ಮೇಲೆ, ಸಿಸೇರಿಯನ್ ಮಾಡಿದ್ದಕ್ಕೆ ಮೊಕದ್ದಮೆ ಎದುರಿಸಿದವರಿಗಿಂತ ಮಾಡದೇ ಇದ್ದುದಕ್ಕೆ ಎದುರಿಸುವ ಭಯವೇ ವೈದ್ಯರಿಗೆ ಹೆಚ್ಚು. 2022ರ ಮಾರ್ಚಿನಲ್ಲಿ ರಾಜಸ್ಥಾನದ ಲಾಲ್‌ಸೋಟ್ ಎಂಬ ಊರಿನಲ್ಲಿ ಹೆರಿಗೆಯ ಬಳಿಕ ರಕ್ತಸ್ರಾವದಿಂದ ತಾಯಿಯೊಬ್ಬರು ತೀರಿಕೊಂಡಾಗ, ವೈದ್ಯೆಯ ಮೇಲೆ ಕೊಲೆ ಮೊಕದ್ದಮೆಯೇ ದಾಖಲಾಯಿತು. ಆಕೆ ಪ್ರಾಣ ಕಳೆದುಕೊಂಡರು. ನೋವು ಶುರುವಾಗಿ ಎರಡು ಗಂಟೆಯಾಗುವುದರೊಳಗೆ ಇನ್ನೂ ಏಕೆ ಆಪರೇಷನ್ ಮಾಡಿಲ್ಲ ಎಂದು ನರ್ಸನ್ನು ಗದರಿಸುವ ಮಾವ, ಚಿಕ್ಕಪ್ಪಂದಿರು ನಮ್ಮ ವಾಳೆಗಳಲ್ಲೂ ಇದ್ದಾರೆ. ಗಡಿಯಾರ ನೋಡಿ ಹೆರಿಗೆ ಅಳೆಯುವ ಹಳೆಯ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಕೈಬಿಟ್ಟಿದೆ: ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂದಿಲ್ಲ, ಐದು ಸೆಂಟಿಮೀಟರ್ ಆಗುವವರೆಗೆ ತಾಯಿ ಮಗು ಚೆನ್ನಾಗಿದ್ದರೆ ತಾಳ್ಮೆಯಿಂದಿರಿ ಎಂದು ಅದು ಹೇಳುತ್ತದೆ.

ಅಮೆರಿಕದ ಅನುಭವವೂ ಇದನ್ನೇ ತೋರಿಸುತ್ತದೆ. ಸಿಸೇರಿಯನ್ ಆದವರ ಸಹಜ ಹೆರಿಗೆಯನ್ನು ಅಲ್ಲಿ 1980ರಿಂದ ಪ್ರೋತ್ಸಾಹಿಸಿದರು. 1996ರಲ್ಲಿ ನೂರಕ್ಕೆ 28 ಮಂದಿ ಹಾಗೆ ಹೆರುತ್ತಿದ್ದರು. ವಿಮಾ ಕಂಪನಿಗಳ ಒತ್ತಾಯಕ್ಕೆ ಆಯ್ಕೆಯಿಲ್ಲದೆ ಎಲ್ಲರನ್ನೂ ಆ ದಾರಿಗೆ ನೂಕಿದ್ದರಿಂದ ಅವಘಡಗಳಾದವು, ಮೊಕದ್ದಮೆಗಳಾದವು. 1999ರಲ್ಲಿ ತಜ್ಞರ ಸಂಘವು ತುರ್ತು ಆಪರೇಷನ್ ತಂಡ ಆ ಕ್ಷಣಕ್ಕೆ ಹಾಜರಿರಬೇಕೆಂಬ ನಿಯಮ ತಂದಿತು, ಹಲವು ಆಸ್ಪತ್ರೆಗಳು ಬಾಗಿಲನ್ನೇ ಮುಚ್ಚಿದವು, ಪ್ರಮಾಣ ಶೇ. 10ಕ್ಕಿಂತ ಕೆಳಗೆ ಕುಸಿಯಿತು. 2010ರಲ್ಲಿ ಮತ್ತೆ ಸ್ವಲ್ಪ ಸಡಿಲಿಸಿದರು.

ನಮ್ಮ ಸಂಸ್ಥೆಗಳು ಮಾಡಬಹುದಾದದ್ದು

ಕರಾವಳಿಯ ಸ್ಥಿತಿ ವಿಚಿತ್ರವಾಗಿದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಸಾಲು ಸಾಲು ವೈದ್ಯಕೀಯ ಕಾಲೇಜುಗಳಿವೆ. ಸಿಸೇರಿಯನ್ ಬಳಿಕದ ಸಹಜ ಹೆರಿಗೆಗೆ ಬೇಕಾದ ಇಪ್ಪತ್ತನಾಲ್ಕು ಗಂಟೆಯ ವ್ಯವಸ್ಥೆ ಅಲ್ಲಿ ಸಾಧ್ಯ. ಲೇಡಿಗೋಶನ್‌ನಂಥ ಸರಕಾರಿ ಹೆರಿಗೆ ಆಸ್ಪತ್ರೆಯೂ ಇದೆ. ಉತ್ತರ ಕನ್ನಡಕ್ಕೆ ಹೋದರೆ, ಸುಸಜ್ಜಿತ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಗಂಭೀರ ರೋಗಿಗಳು ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಓಡಬೇಕು. ಅಲ್ಲಿನ ತಾಯಿಗೆ ಸಹಜ ಹೆರಿಗೆಗೆ ಪ್ರಯತ್ನಿಸು ಎಂದು ಹೇಳುವ ಮೊದಲು ಆಕೆ ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾಳೆಂದು ಕೇಳಬೇಕಾಗುತ್ತದೆ. ಬೀಡಿ ಕಟ್ಟಿಯೋ ಮೀನು ಮಾರಿಯೋ ಸಂಸಾರ ನಡೆಸುವವಳಿಗೆ ಆಪರೇಷನ್ ಬಳಿಕ ಭಾರ ಎತ್ತದೆ ಆರು ವಾರ ಕೂರುವುದೂ ಒಂದು ಸಾಲವೇ.

ಹೆರಿಗೆ ಎಂಬ ಸೇವೆಗೂ ಧರ್ಮಭಗಿನಿಯರಿಗೂ ಇರುವ ನಂಟಿನ ಕಥೆ ಅನೇಕರಿಗೆ ತಿಳಿದಿಲ್ಲ. 1936ರವರೆಗೆ ಪ್ರಸೂತಿ ಕೆಲಸಕ್ಕೆ ಭಗಿನಿಯರಿಗೆ ಧರ್ಮಸಭೆಯ ಅನುಮತಿಯೇ ಇರಲಿಲ್ಲ. ಆಸ್ಟ್ರೇಲಿಯಾದ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿ 1920ರಲ್ಲಿ ವಿಶೇಷ ಅನುಮತಿ ಪಡೆದು ಗುಂಟೂರಿಗೆ ಬಂದವರು. 1943ರಲ್ಲಿ ಭಾರತದ ಕಥೋಲಿಕ ಆರೋಗ್ಯ ಸಂಘವನ್ನು ಕಟ್ಟಿದವರೂ ಅವರೇ. ರಾವಲ್ಪಿಂಡಿಯಲ್ಲಿ ಪುರುಷ ವೈದ್ಯರ ಬಳಿಗೆ ಹೋಗಲಾರದೆ ಸಾಯುತ್ತಿದ್ದ ಬಾಣಂತಿಯರನ್ನು ಕಂಡ ಆಸ್ಟ್ರಿಯಾದ ಅನ್ನಾ ಡೆಂಗೆಲ್ 1925ರಲ್ಲಿ ಮೆಡಿಕಲ್ ಮಿಷನ್ ಭಗಿನಿಯರ ಸಂಸ್ಥೆ ಆರಂಭಿಸಿ, ಈ ನಿಷೇಧ ತೆಗೆಯುವಂತೆ ಬೆನ್ನು ಬಿಡದೆ ಒತ್ತಾಯಿಸಿದರು. 1936ರ ಫೆಬ್ರವರಿ 11ರಂದು ರೋಮಿನಿಂದ ಆದೇಶ ಹೊರಟಿತು. ಭಗಿನಿಯರು ವೈದ್ಯರೂ ಸೂಲಗಿತ್ತಿಯರೂ ಆಗಬೇಕೆಂದು ಅದು ಪ್ರೋತ್ಸಾಹಿಸಿತು. ನಮ್ಮ ಹಳ್ಳಿಗಳ ಕಾನ್ವೆಂಟ್ ಡಿಸ್ಪೆನ್ಸರಿಗಳಲ್ಲಿ ಲಾಟೀನಿನ ಬೆಳಕಿನಲ್ಲಿ ಹೆರಿಗೆ ಮಾಡಿಸಿದ ಸಿಸ್ಟರ್‌ಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಆ ಕಸುಬು ಮತ್ತೆ ಬೇಕಾಗಿದೆ, ಲಾಟೀನಿಲ್ಲದೆ. ಕೇಂದ್ರ ಸರಕಾರವು 2018ರ ಡಿಸೆಂಬರಿನಲ್ಲಿ ಮಿಡ್‌ವೈಫ್ ಸೇವೆಯ ಮಾರ್ಗಸೂಚಿ ಹೊರಡಿಸಿ, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿಯನ್ನು ಗೊತ್ತುಮಾಡಿದೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯು ಅದಕ್ಕೂ ಮೊದಲೇ ಇಂತಹ ತರಬೇತಿ ಆರಂಭಿಸಿ ದಾರಿ ತೋರಿಸಿತ್ತು. ದೇಶಕ್ಕೂ ವಿದೇಶಕ್ಕೂ ನರ್ಸ್‌ಗಳನ್ನು ಕಳಿಸುವ ನಮ್ಮ ಕಥೋಲಿಕ ನರ್ಸಿಂಗ್ ಕಾಲೇಜುಗಳು ಇದನ್ನು ಕೈಗೆತ್ತಿಕೊಂಡರೆ, ಹನ್ನೆರಡು ಗಂಟೆ ತಾಯಿಯ ಪಕ್ಕ ಕೂರುವವರು ಸಿಗುತ್ತಾರೆ. ವೈದ್ಯರು ನಿಜಕ್ಕೂ ತಮ್ಮ ಅಗತ್ಯವಿರುವಲ್ಲಿಗೆ ಬರುತ್ತಾರೆ.

ಎರಡನೆಯ ಕೋರಿಕೆ ಸ್ವಲ್ಪ ಕಹಿಯಾದೀತು. 2017ರಲ್ಲಿ ಮುಂಬೈಯ ಮಹಿಳೆಯೊಬ್ಬರು ಆರಂಭಿಸಿದ ಸಹಿ ಸಂಗ್ರಹದ ಬೆನ್ನಿಗೆ, ಕೇಂದ್ರ ಸರಕಾರದ ನೌಕರರ ಆರೋಗ್ಯ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳು ಸಹಜ ಹೆರಿಗೆ, ಸಿಸೇರಿಯನ್ ಎರಡರ ಪ್ರಮಾಣವನ್ನೂ ಫಲಕದಲ್ಲಿ ತೋರಿಸಬೇಕೆಂದು ಸೂಚನೆ ಬಂತು. ಯಾರ ಆದೇಶಕ್ಕೂ ಕಾಯದೆ, ಸಂತರ ಹೆಸರು ಹೊತ್ತ ನಮ್ಮ ಆಸ್ಪತ್ರೆಗಳು ಇದನ್ನು ಸ್ವಇಚ್ಛೆಯಿಂದ ಪ್ರಕಟಿಸಬಾರದೇಕೆ? ಬರಿಯ ಒಟ್ಟು ಸಂಖ್ಯೆಯಲ್ಲ. ಚೊಚ್ಚಲ ಹೆರಿಗೆಯವರೆಷ್ಟು, ಹಿಂದೆ ಸಿಸೇರಿಯನ್ ಆದವರೆಷ್ಟು ಎಂದು ಹತ್ತು ಗುಂಪುಗಳಾಗಿ ವಿಂಗಡಿಸುವ ರಾಬ್ಸನ್ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿದೆ. ಹಾಗೆ ಕೊಟ್ಟರೆ ಕಠಿಣ ಪ್ರಸಂಗಗಳನ್ನು ಹೆಚ್ಚಾಗಿ ಪಡೆಯುವ ದೊಡ್ಡ ಆಸ್ಪತ್ರೆಗೆ ಅನ್ಯಾಯವೂ ಆಗದು.

ಕುಟುಂಬಗಳಿಗೆ ಹೇಳುವುದು ಹೆಚ್ಚಿಲ್ಲ. ಮೊದಲ ಸಿಸೇರಿಯನ್ ಆದಾಗ ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಸಂಗತಿ ಬರೆಸಿಕೊಳ್ಳಿ: ಕೊಯ್ದದ್ದು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆಯೋ, ಬೇರೆ ರೀತಿಯೋ, ಮತ್ತು ಯಾಕೆ ಸಿಸೇರಿಯನ್ ಮಾಡಿದರು. ಮಗು ಬುಡ ಮುಂದಾಗಿ ಇದ್ದುದೇ ಕಾರಣವಾಗಿದ್ದರೆ ಮುಂದಿನ ಬಾರಿ ಆ ಕಾರಣ ಇರಲಿಕ್ಕಿಲ್ಲ. ಹೊಟ್ಟೆಯ ಮೇಲಿನ ಗುರುತು ನೋಡಿ ಒಳಗಿನದನ್ನು ಹೇಳಲಾಗದು. ಆ ಚೀಟಿಯನ್ನು ಮದುವೆಯ ಸರ್ಟಿಫಿಕೇಟಿನಷ್ಟೇ ಜೋಪಾನ ಮಾಡಿ. ಎರಡನೆಯ ಬಸಿರಿನಲ್ಲಿ ಮೂರು ತಿಂಗಳಾಗುವಾಗಲೇ ಅದನ್ನು ಹಿಡಿದು ವೈದ್ಯರ ಬಳಿ ಕೇಳಿ, ಒಂಬತ್ತನೆಯ ತಿಂಗಳಿಗೆ ಕಾಯಬೇಡಿ. ಬೇಡ ಎಂದು ವೈದ್ಯರು ಹೇಳಿದರೆ ಕಾರಣ ಕೇಳಿ. ಕಾರಣ ಸರಿಯಿದ್ದರೆ ಒಪ್ಪಿಕೊಳ್ಳಿ. ಪ್ರಯತ್ನಿಸಿ ಕೊನೆಗೆ ಸಿಸೇರಿಯನ್ ಆದವಳನ್ನು ಆಡಿಕೊಳ್ಳದಂತೆ ಸ್ತ್ರೀ ಸಂಘಟನೆಯ ಹಿರಿಯ ಬಾಯಿಗಳು ನೋಡಿಕೊಂಡರೆ ಅದೂ ಒಂದು ಸೇವೆ.

ಕನ್ಯಾ ಮರಿಯಮ್ಮ ಎಲಿಜಬೇತಳ ಮನೆಯಲ್ಲಿ ಮೂರು ತಿಂಗಳು ಉಳಿದದ್ದನ್ನು ಶುಭಸಂದೇಶಕಾರ ಸಂತ ಲೂಕ ಬರೆದಿದ್ದಾರೆ. ಬಸುರಿಯ ಪಕ್ಕ ಒಬ್ಬರು ಇರಬೇಕೆಂಬುದು ಈಗ ವೈದ್ಯಶಾಸ್ತ್ರವೂ ಒಪ್ಪಿದ ಸಂಗತಿ. ಜೊತೆಗೊಬ್ಬರಿದ್ದರೆ ಸಹಜ ಹೆರಿಗೆಯ ಸಂಭವ ಹೆಚ್ಚುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ತಾಯಿಯ ಜೊತೆ ಒಬ್ಬ ಹೆಂಗಸನ್ನು ಬಿಡಲು ಅನುಮತಿ ನೀಡಿದೆ. ಇಷ್ಟಾದರೂ ಎಷ್ಟೋ ಕಡೆ ಅಮ್ಮ, ಅಕ್ಕಂದಿರು ಹೊರಗಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿರುತ್ತಾರೆ, ಒಳಗೆ ಹುಡುಗಿ ಒಬ್ಬಳೇ. ಒಂದೇ ಕೋಣೆಯಲ್ಲಿ ನಾಲ್ಕು ಮಂಚಗಳಿವೆ, ಇತರರ ಮಾನ ಕಾಯಬೇಕಲ್ಲ ಎಂಬುದು ಆಸ್ಪತ್ರೆಗಳು ಹೇಳುವ ಅಡಚಣೆ. ನಾಲ್ಕು ಮಂಚಗಳ ನಡುವೆ ಮೂರು ಪರದೆ ಕಟ್ಟಲು ಎಷ್ಟು ಖರ್ಚು ಬರುತ್ತದೆಂದು ನಮ್ಮ ಆಸ್ಪತ್ರೆಗಳ ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲಿ ಲೆಕ್ಕ ಹಾಕಲಿ.